ಥಾಯರಜ್ಜನ ಕೋವಿಗೆ ಬಂದ ಹೊಳಪು

ಮೇಪಲ್ ಮರಗಳು ಎಲೆ ಉದುರಿಸಿ ಮುಗಿಸಿದ್ದವು. ಗುಡ್ಡದ ಹುಲ್ಲಿನ ಮೇಲೆ ಹೆಪ್ಪುಗಟ್ಟಿದ ಇಬ್ಬನಿ ಇನ್ನೂ ಕರಗಿರಲಿಲ್ಲ. ಹೋಬರ್ಟ್ ಸ್ಪ್ರೇಗ್, ಊರವರ ಬಾಯಲ್ಲಿ ಹೋಬಿ, ಮೇಪಲ್ ರಸ ಕುದಿಸುವ ತನ್ನ ಪಾಕದ ಮನೆಯ ಗೋಡೆಗೆ ಸೌದೆ ಒಟ್ಟುತ್ತಿದ್ದ. ಚಳಿಗಾಲ ಕಳೆದು ಮರಗಳಲ್ಲಿ ರಸ ಏರುವ ಹೊತ್ತಿಗೆ ಇದು ಒಣಗಿರಬೇಕು. ಆಗ ಒಲೆ ಹಗಲಿರುಳು ಉರಿದರಷ್ಟೇ ರಸ ಕುದಿದು ಸಿಹಿ ಪಾಕಕ್ಕೆ ಬರುವುದು. ಸೌದೆ ಅವನದು, ಒಲೆ ಅವನದು, ಕುದಿಸುವ ಅಗಲದ ಬಾಣಲೆಯೂ ಅವನದೇ. ಮರಗಳು ಮಾತ್ರ ಥಾಯರಜ್ಜನವು.

ಎಲೈಹು ಥಾಯರ್ ಊರಿಗೆಲ್ಲ ಅಜ್ಜ. ಅವನ ಗುಡ್ಡದ ಮರಗಳಿಗೆ ರಸ ಇಳಿಸುವ ಕೊಳವೆ ಹಾಕಿಕೊಳ್ಳಲು ಹೋಬಿಗೆ ಕಾಗದಪತ್ರವೇನೂ ಇರಲಿಲ್ಲ. ವರ್ಷಕ್ಕೊಮ್ಮೆ, ಹಳೆಗೋವಿ ಸಂಘದ ಕೂಟದ ದಿನ, ಅಜ್ಜ ಕೈ ಕುಲುಕುತ್ತಿದ್ದ. ಕುಲುಕಿದರೆ ಮುಂದಿನ ವಸಂತಕ್ಕೆ ಮರ ಹೋಬಿಯವು. ಇಲ್ಲವಾದರೆ ಬಾಣಲೆ ಕವುಚಿ ಇಡುವುದೇ. ಆ ಕೂಟ ಇವತ್ತು ಮಧ್ಯಾಹ್ನವಿತ್ತು.

ಸಂಘದವರೆಲ್ಲ ಹಳೆಯ ಪಾಯಿಂಟ್ ಟೂಟೂ ಕೋವಿಗಳ ಹುಚ್ಚರು. ಹುಡುಗರು ಅಳಿಲು, ಮೊಲ ಹೊಡೆಯಲು ಕಲಿಯುತ್ತಿದ್ದ, ಕಿರುಬೆರಳ ಉಗುರಿನಷ್ಟು ಗುಂಡಿನ ಕೋವಿಗಳು. ಸಿಡಿದರೆ ಒಣಕಡ್ಡಿ ಮುರಿದಷ್ಟೇ ಸದ್ದು. ಅವುಗಳ ಮೈಮೇಲೆ ಕಾಲ ಕೂರಿಸಿದ ಕಂದು ಬಣ್ಣವನ್ನು ಸಂಘದವರು ದೇವರ ಮೇಲಿನ ಹೂವಿನಂತೆ ಕಾಣುತ್ತಿದ್ದರು. ಅದನ್ನು ಯಾರೂ ಉಜ್ಜಕೂಡದು ಎಂದು ನಿಯಮ ಮಾಡಿದವನು ಥಾಯರಜ್ಜನೇ. ತಾತನ ಕೋವಿಯನ್ನು ಉಜ್ಜಿ ಬೆಳಗಿದ ಒಬ್ಬನನ್ನು ಸಂಘದಿಂದ ಹೊರಗೆ ಹಾಕಿದ್ದರು. ಆಮೇಲೆ ಅವನಿಗೆ ಕ್ಷೌರದಂಗಡಿಯಲ್ಲೂ ಯಾರೂ ಮಾತು ಕೊಡದೆ, ಪಾಪ, ಮೀನು ಹಿಡಿಯುವುದರಲ್ಲಿ ಮನಸ್ಸಿಟ್ಟಿದ್ದ.

ಹೋಬಿಗೆ ಇದ್ದ ಚಟವೂ ಉಜ್ಜುವುದೇ. ಮಂಕಾದ ಲೋಹ ಕಂಡರೆ ಅವನಿಂದ ಸುಮ್ಮನಿರಲಾಗುತ್ತಿರಲಿಲ್ಲ. ಅವನ ಬಾಣಲೆಯಲ್ಲಿ ಮುಖ ನೋಡಿಕೊಂಡು ಊರ ಹೆಂಗಸರು ಟೋಪಿ ಸರಿಮಾಡಿಕೊಳ್ಳುತ್ತಿದ್ದರು. ಅಂಥವನ ಕೈಗೆ ಅಜ್ಜ ಕಳೆದ ವಾರ ತನ್ನ ಅಪ್ಪನ ಕಾಲದ ಕೋವಿಯನ್ನು ಕಂಬಳಿಯಲ್ಲಿ ಸುತ್ತಿ ತಂದುಕೊಟ್ಟಿದ್ದ. "ಕೈ ನಡುಗುತ್ತೆ ಕಣೋ. ಕೂಟದಲ್ಲಿ ನನ್ನ ಬದಲು ನೀನೇ ಹೊಡಿ. ಅಲ್ಲೀವರೆಗೂ ನಿನ್ನ ಹತ್ರಾನೇ ಇರ್ಲಿ," ಎಂದಿದ್ದ. ಬೇರೆಯವರಿಗೆ ಮುಟ್ಟಲೂ ಕೊಡದ ಕೋವಿ ಅದು. ವಾರವಿಡೀ ಹೋಬಿ ಅದರ ಕಡೆ ತಲೆಯೆತ್ತಿ ನೋಡಿರಲಿಲ್ಲ.

ಇವತ್ತು ಸೌದೆ ಮುಗಿಸಿ ಒಳಗೆ ಬಂದವನು ಕಂಬಳಿ ಬಿಚ್ಚಿದ. ಎಂಟು ಮುಖದ ನಳಿಗೆಯ ತುದಿಯಲ್ಲಿ ಒಂದು ನೊಣದ ಕಲೆ. ಪಾತ್ರೆ ತಿಕ್ಕುವ ಸ್ಟೀಲ್ ನಾರು ಪಕ್ಕದಲ್ಲೇ ಇತ್ತು. ಒಂದೇ ಒಂದು ಸಲ ಎಂದುಕೊಂಡು ಒರೆಸಿದ. ಕಲೆ ಹೋಯಿತು. ಹೋದ ಕಡೆ ಬೆಳ್ಳಗಾಗಿ ಸುತ್ತಲಿನದು ಕೊಳಕಾಗಿ ಕಂಡಿತು. ಅದನ್ನು ಸರಿಮಾಡಲು ಇನ್ನಷ್ಟು ಉಜ್ಜಿದ. ಮೈಮೇಲೆ ಎಚ್ಚರ ಬಂದಾಗ ಅರ್ಧ ನಳಿಗೆ ಹೊಸ ಚಮಚದ ಹಾಗೆ ಕಣ್ಣು ಕುಕ್ಕುತ್ತಿತ್ತು.

ಕಾಫಿ ತಂದ ಹೆಂಡತಿ ಥೆಲ್ಮಾ ಬಾಗಿಲಲ್ಲೇ ನಿಂತಳು. "ಅಯ್ಯೋ ದೇವ್ರೇ! ಏನ್ರೀ ಮಾಡಿದ್ರಿ?"

"ಒಂದು ನೊಣದ ಕಲೆ ಇತ್ತು ಕಣೇ."

"ನೊಣ ಎಷ್ಟು ದಪ್ಪ ಇತ್ತು? ಹಸು ಗಾತ್ರ ಇತ್ತಾ?"

ಹೋಬಿ ಕಣ್ಣೆದುರಿಗೆ ಗುಡ್ಡದ ಮರಗಳೆಲ್ಲ ಒಂದೊಂದಾಗಿ ಬೆನ್ನು ತಿರುಗಿಸಿಕೊಂಡು ಹೋದಂತಾಯಿತು.

ಅಷ್ಟರಲ್ಲಿ ಸೌದೆ ಸೀಳುವ ಕೊಡಲಿ ಕೇಳಲು ಪಕ್ಕದ ಹೊಲದ ಕ್ಲೈಡ್ ಬಂದ. ಮುಚ್ಚಿಡಲು ಪುರಸೊತ್ತಾಗಲಿಲ್ಲ. ಕ್ಲೈಡ್ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ, ಸತ್ತವರ ಮನೆಗೆ ಬಂದವನಂತೆ.

"ಅಜ್ಜ ನಿನ್ನ ಚರ್ಮ ಸುಲೀತಾನೆ ಮಾರಾಯ. ಹೆದರ್ಬೇಡ, ನಾನಿದೀನಿ. ಸಾಸಿವೆ ಗೊಜ್ಜಿದ್ಯಾ? ಬ್ರೆಡ್ಡಿಗೆ ಹಚ್ಚೋದು? ಅದನ್ನ ಬಳಿದು ಸ್ವಲ್ಪ ಹೊತ್ತು ಬಿಡು. ಉಕ್ಕು ನೂರು ವರ್ಷ ಮುದಿಯಾಗುತ್ತೆ."

ಬಳಿದರು. ಸಾಸಿವೆ ಬಿದ್ದ ಕಡೆ ಕಪ್ಪಾಯಿತು, ಬೀಳದ ಕಡೆ ಹಾಗೇ ಉಳಿಯಿತು. ಒರೆಸಿ ನೋಡಿದರೆ ನಳಿಗೆ ಚುಕ್ಕೆ ಮೀನಿನ ಬೆನ್ನಿನಂತಿತ್ತು.

"ನೂರು ವರ್ಷ ಅಂದ್ಯಲ್ಲ, ಇದಕ್ಕೆ ಸಿಡುಬು ಬಂದಿದೆ," ಎಂದಳು ಥೆಲ್ಮಾ.

ಕ್ಲೈಡ್ ಸೋಲಲಿಲ್ಲ. ಹೋಬಿ ಬೇಡವೆನ್ನುತ್ತಿರುವಾಗಲೇ ಗ್ಯಾರೇಜಿನ ಆರ್ಮಂಡ್‌ಗೆ ಫೋನು ಮಾಡಿದ. ಆರ್ಮಂಡ್ ಸೀಸೆಯೊಂದನ್ನು ಜೇಬಿನಲ್ಲಿಟ್ಟುಕೊಂಡು ಬಂದ. ಕೋವಿಗೆ ನೀಲಿ ಬಣ್ಣ ಕಟ್ಟಿಸುವ ದ್ರಾವಣ.

"ಸಾಸಿವೆ ಹಚ್ಚೋಕೆ ಇದೇನು ಹಂದಿಮಾಂಸದ ತುಂಡೇನಯ್ಯಾ? ಇಂಥದಕ್ಕೆ ಕೆಲಸ ಗೊತ್ತಿರೋರನ್ನ ಮೊದಲೇ ಕರೀಬೇಕು," ಎಂದು ಕ್ಲೈಡ್‌ನನ್ನು ಮೂಲೆಗೆ ತಳ್ಳಿ ಹತ್ತಿ ಅದ್ದಿ ಸವರಿದ. ಹಳೆಯ ಉಕ್ಕಿಗೆ ಅದರ ಮೇಲೆ ಅದೇನು ಸಿಟ್ಟೋ, ನಳಿಗೆ ತುದಿಯಿಂದ ಬುಡದವರೆಗೆ ಬದನೆಕಾಯಿಯ ಬಣ್ಣಕ್ಕೆ ತಿರುಗಿತು.

ನಾಲ್ವರೂ ಸ್ವಲ್ಪ ಹೊತ್ತು ಅದನ್ನೇ ನೋಡಿದರು.

"ಚೆನ್ನಾಗಿದೆ," ಎಂದ ಕ್ಲೈಡ್. "ಬಿಷಪ್ಪರಿಗೆ ಕೊಡಬಹುದು. ಅವರ ನಿಲುವಂಗೀದೂ ಇದೇ ಬಣ್ಣ."

ಬೇರೆ ದಾರಿಯಿರಲಿಲ್ಲ. ಹೋಬಿ ಮತ್ತೆ ಸ್ಟೀಲ್ ನಾರು ಹಿಡಿದ. ಬದನೆಕಾಯಿ ಹೋಗುವಂತೆ ಪೂರ್ತಿ ಉಜ್ಜಿದ. ಈಗ ಇಡೀ ಕೋವಿ ಕಿಟಕಿಯ ಬಿಸಿಲನ್ನು ಹಿಡಿದು ಸೂರಿನ ಮೇಲೆ ಎಸೆಯುತ್ತಿತ್ತು. ಆಗಲೇ ಹೊರಗೆ ಜಲ್ಲಿಕಲ್ಲು ಸದ್ದಾಯಿತು. ಆರ್ಮಂಡ್ ಇಣುಕಿ ನೋಡಿ ಬಿಳುಚಿಕೊಂಡ.

"ಅಜ್ಜ! ಅಜ್ಜನ ಪಿಕಪ್ಪು!"

ಹೋಬಿ ಕೋವಿಯನ್ನು ಕವುಚಿ ಹಾಕಿದ್ದ ಬಾಣಲೆಯ ಅಡಿಗೆ ತಳ್ಳಿದ. ಥೆಲ್ಮಾ ಬಾಣಲೆಯ ಮೇಲೆ ಕೂತಳು. ಕ್ಲೈಡ್ ಸಾಸಿವೆ ಡಬ್ಬಿಯನ್ನು ಕೈಯಲ್ಲಿ ಹಿಡಿದು, ಏನು ಮಾಡಬೇಕೆಂದು ತಿಳಿಯದೆ, ಒಂದು ಚಮಚ ಬಾಯಿಗಿಟ್ಟುಕೊಂಡ.

ಥಾಯರಜ್ಜ ಊರುಗೋಲು ಊರಿಕೊಂಡು ಹೊಸ್ತಿಲಿಗೆ ಬಂದ. ಒಬ್ಬೊಬ್ಬರನ್ನೇ ನೋಡಿದ. "ಕೂಟಕ್ಕೆ ಹೋಗ್ತಿದ್ದೆ. ಇಲ್ಲೇ ದಾರೀಲಿ ಅಲ್ವಾ ಅಂತ ಬಂದೆ. ಹೋಬಿ, ನನ್ನ ಕೋವಿ ಹೇಗಿದ್ಯೋ?"

"ಹಾಗೇ ಇದೆ ಅಜ್ಜ." ಹೋಬಿ ಸ್ಟೀಲ್ ನಾರನ್ನು ಜೇಬಿಗೆ ತುರುಕಿದ.

"ಹಾಗೇ ಅಂದ್ರೆ?"

"ನೀವು ಕೊಟ್ಟಾಗ ಹೇಗಿತ್ತೋ ಹಾಗೇ. ಒಂದು ಬೆರಳೂ ಸೋಕಿಸಿಲ್ಲ."

ಅಜ್ಜನ ಮುಖ ಇಳಿಯಿತು. ಅವನು ಬಾಯಿ ತೆರೆದವನು ಕ್ಲೈಡ್‌ನ ಕಡೆ ನೋಡಿ ಮುಚ್ಚಿಕೊಂಡ. ಕ್ಲೈಡ್‌ನ ಕಣ್ಣಲ್ಲಿ ಸಾಸಿವೆಯ ಖಾರಕ್ಕೆ ನೀರು ಸುರಿಯುತ್ತಿತ್ತು. "ಸರಿ, ಅಲ್ಲೇ ಸಿಗೋಣ," ಎಂದು ಅಜ್ಜ ಹೊರಟುಹೋದ.

"ಅನುಮಾನ ಬಂದಿದೆ," ಎಂದು ಆರ್ಮಂಡ್ ಪಿಸುಗುಟ್ಟಿದ.

"ಎಲ್ಲರೂ ಬಾಯಿ ಮುಚ್ಚಿ," ಎಂದು ಥೆಲ್ಮಾ ಬಾಣಲೆಯಿಂದ ಇಳಿದಳು. ಮನೆಯಿಂದ ವಿನೆಗರ್, ಉಪ್ಪು, ಗಾಯ ತೊಳೆಯುವ ನೊರೆಯ ಔಷಧಿ ತಂದು ಬಕೆಟ್ಟಿನಲ್ಲಿ ಕಲಸಿದಳು. ಅವಳ ಗುಲಾಬಿ ಗಿಡದ ಕತ್ತರಿಗೆ ಒಮ್ಮೆ ಆ ಔಷಧಿ ಚೆಲ್ಲಿ ತುಕ್ಕು ಹಿಡಿದದ್ದು ಅವಳಿಗೆ ಮರೆತಿರಲಿಲ್ಲ. ಬಿಸಿ ಮಾಡಿದ ನಳಿಗೆಯ ಮೇಲೆ ಬಟ್ಟೆಯಲ್ಲಿ ತೀಡುತ್ತಿದ್ದಂತೆ ಉಕ್ಕು ಕಣ್ಣೆದುರಿಗೇ ಕೆಂಪಾಯಿತು, ಕಂದಾಯಿತು. ತೊಳೆದು, ಎಣ್ಣೆ ಸವರಿ, ಒಲೆಯ ಮಸಿ ಒರೆಸಿದರು. ಕೋವಿಗೆ ಹೋದ ಮುಪ್ಪು ಮರಳಿ ಬಂದಿತ್ತು. ಹೋಬಿಗೆ ಅಳು ಬಂತು.

ಊರ ಸಭಾಮನೆಯ ಹಿಂದಿನ ಬಯಲಿನಲ್ಲಿ ಕೂಟ ನೆರೆದಿತ್ತು. ಒಳಗೆ ದೊಡ್ಡ ಮಡಕೆಗಳಲ್ಲಿ ಬೀನ್ಸ್ ಬೇಯುತ್ತಿತ್ತು. ಹೊರಗೆ ದಾರಕ್ಕೆ ಕಟ್ಟಿ ತೂಗುಬಿಟ್ಟ ಬಿಸ್ಕತ್ತುಗಳನ್ನು ಮುದುಕರು ಹುಡುಗರಂತೆ ಕೇಕೆ ಹಾಕುತ್ತ ಹೊಡೆಯುತ್ತಿದ್ದರು. ಹೋಬಿ ಕಂಬಳಿ ಬಿಚ್ಚಿದಾಗ ಎಲ್ಲರೂ ಸುತ್ತ ಕವಿದರು. ಅಜ್ಜ ಕೋವಿಯನ್ನು ಎತ್ತಿ ಬೆಳಕಿಗೆ ಹಿಡಿದ. ತಿರುಗಿಸಿದ. ಮತ್ತೆ ತಿರುಗಿಸಿದ. ಮೂಸಿ ನೋಡಿದ. ಕ್ಲೈಡ್ ಉಸಿರು ಬಿಡಲಿಲ್ಲ. ಆರ್ಮಂಡ್ ಎದೆಯ ಮೇಲೆ ಶಿಲುಬೆ ಗೀರಿಕೊಂಡ.

"ನೋಡಿ," ಎಂದ ಅಜ್ಜ ಕೊನೆಗೆ, ದೊಡ್ಡ ದನಿಯಲ್ಲಿ. "ಹೋಬಿ ಅಂಥವನ ಮನೇಲಿ ಒಂದು ವಾರ ಇದ್ದೂ ಇದರ ಬಣ್ಣ ಕೆಟ್ಟಿಲ್ಲ. ಇದಕ್ಕೆ ಶಿಸ್ತು ಅಂತಾರೆ."

ಚಪ್ಪಾಳೆ ಬಿತ್ತು. ಯಾರೋ ಬೆನ್ನು ತಟ್ಟಿದರು. ಹೋಬಿ ಅಂದು ಹೊಡೆದ ಬಿಸ್ಕತ್ತುಗಳು ಒಂದೂ ತಪ್ಪಲಿಲ್ಲ. ಪ್ರತಿ ಸಲ ಚಟ್ ಎಂದು ಸಿಡಿದಾಗಲೂ ಎದೆಯ ಮೇಲಿಂದ ಒಂದು ಕಲ್ಲು ಇಳಿಯುತ್ತಿತ್ತು. ಆಟ ಮುಗಿದ ಮೇಲೆ ಅಜ್ಜ ಕೋವಿಯನ್ನು ಇಸಿದುಕೊಂಡು, "ಬಾ ಇಲ್ಲಿ," ಎಂದು ಅವನನ್ನು ಸೌದೆಮನೆಯ ಹಿಂದಕ್ಕೆ ಕರೆದ. ಹೋಬಿ ಬಲಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಹೋದ.

ಅಜ್ಜನ ದನಿ ಈಗ ತಗ್ಗಿತ್ತು. "ಅಲ್ವೋ ಹೋಬಿ, ನಿಮ್ಮನೇಲಿ ಕರಡಿ ಬೋನಿಟ್ರೂ ಹೊಳೀತಾ ಇರುತ್ತೆ. ಇದೊಂದನ್ನ ಉಜ್ಜಬೇಕು ಅಂತ ನಿನಗೆ ಅನ್ನಿಸ್ಲೇ ಇಲ್ವಾ?"

ಹೋಬಿ ಪೆಚ್ಚಾದ.

"ನಮ್ಮಪ್ಪ ಇದನ್ನ ಭಾನುವಾರ ಭಾನುವಾರ ಬೂದಿ ಹಾಕಿ ತಿಕ್ಕೋನು. ಅಂಗಡಿ ಬಣ್ಣ ಯಾವಾಗ್ಲೋ ಹೋಗಿತ್ತು. ನಾನು ಅವನ ತೊಡೆ ಪಕ್ಕ ನಿಂತ್ರೆ ನಳಿಗೇಲಿ ನನ್ನ ಮುಖ ಉದ್ದುದ್ದ ಕಾಣೋದು. ಸಾಯೋದ್ರೊಳಗೆ ಒಂದ್ಸಲ ಹಾಗೆ ನೋಡ್ಬೇಕು ಕಣೋ. ನಾನೇ ಉಜ್ಜೋಣ ಅಂದ್ರೆ ನಿಯಮ ಮಾಡಿದೋನೇ ನಾನು. ಯಾರ ಮುಖ ನೋಡ್ಲಿ? ಅದಕ್ಕೇ ಊರೆಲ್ಲ ಬಿಟ್ಟು ನಿನ್ನ ಕೈಗೆ ಕೊಟ್ಟೆ. ನೀನು ನೋಡಿದ್ರೆ ಒಂದು ಬೆರಳೂ ಸೋಕಿಸಿಲ್ಲ ಅಂತೀಯ."

"ಅಜ್ಜ," ಎಂದ ಹೋಬಿ. ಅಲ್ಲೇ ಸೌದೆಯ ಮೇಲೆ ಕೂತ. "ಬೆಳಿಗ್ಗೆ ಹೊಳೀತಿತ್ತು. ಪೂರ್ತಿ ಹೊಳೀತಿತ್ತು. ನೀವು ಬಂದಾಗ ಬಾಣಲೆ ಕೆಳಗಿತ್ತು."

ಅಜ್ಜ ಅವನ ತೋಳು ಹಿಡಿದುಕೊಂಡ. "ನಿಜವಾಗ್ಲೂ? ಮುಖ ಕಾಣ್ತಿತ್ತಾ?"

"ಕಾಣ್ತಿತ್ತು ಅಜ್ಜ. ಉದ್ದುದ್ದ."

ಅಜ್ಜ ಕಂದು ನಳಿಗೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. ಅವನ ಗಡ್ಡ ಅದುರುತ್ತಿತ್ತು. ಆಮೇಲೆ ಮೂಗು ಒರೆಸಿಕೊಂಡು ನೆಟ್ಟಗೆ ನಿಂತ. "ಹಾಗಾದ್ರೆ ಇನ್ನೊಂದ್ಸಲ ಮಾಡು. ಬರೋ ತಿಂಗಳು ಸಭೆಗೆ ಎಲ್ಲರ ಮುಂದೆ ತಾ. ನಾನು ನೋಡಿ, ಇದು ನಿಂದೇ ಕೆಲಸ ಅಂತ ಕೂಗಾಡ್ತೀನಿ. ಸ್ವಲ್ಪ ಜಾಸ್ತೀನೇ ಕೂಗಾಡ್ಬೇಕಾಗುತ್ತೆ, ಇಲ್ದಿದ್ರೆ ಜನ ನಂಬೋಲ್ಲ. ನೀನು ತಲೆ ತಗ್ಗಿಸಿ ನಿಂತಿರು, ಎದುರು ಮಾತಾಡ್ಬೇಡ."

"ಮತ್ತೆ ಸಂಘ?"

"ಸಂಘದಿಂದ ತೆಗೀಲೇಬೇಕಪ್ಪ. ನಿಯಮ ಅಂದ್ರೆ ನಿಯಮ."

"ಮರಗಳು ಅಜ್ಜ?" ಎಂದು ಹೋಬಿ ಕೈ ಚಾಚಿದ.

ಥಾಯರಜ್ಜ ಆ ಕೈಯನ್ನು ನೋಡಿದ. ಅದಕ್ಕೆ ತನ್ನ ಕೈ ಕೊಡಲಿಲ್ಲ, ಕೋವಿ ಕೊಟ್ಟ.

"ಮೊದಲು ಇದು. ನಿನ್ನ ಬೈದು ಮುಗಿಸಿ, ಮನಸ್ಸು ಹಗುರ ಆದ್ಮೇಲೆ ಮರದ ಮಾತಾಡೋಣ."