ಹಳದಿ ಜಾಕೆಟ್ಟಿನ ಅಧಿಕಾರ

ಎಲ್ಲದಕ್ಕೂ ಕಾರಣ ಒಂದು ಸೀನು. ರನ್‌ವೇ ಪಕ್ಕದ ಹುಲ್ಲಿನಲ್ಲಿ ನಡುಗುತ್ತ ನಿಂತಿದ್ದ ಪ್ರಯಾಣಿಕರೊಬ್ಬರು, ನಿವೃತ್ತ ಹೆಡ್‌ಮಾಸ್ತರರು, ಸೀನಿದರು. ನಿಲ್ದಾಣದ ಸಹಾಯಕನ ಕರುಳು ಚುರ್ ಎಂದಿತು. ತನ್ನ ಹಳದಿ ಜಾಕೆಟ್ ಬಿಚ್ಚಿ ಅವರಿಗೆ ತೊಡಿಸಿಬಿಟ್ಟ. ಅವನ ಗುರುತಿನ ಚೀಟಿ ಅದರ ಜೇಬಿನಲ್ಲೇ ಇತ್ತು.

ಹತ್ತು ನಿಮಿಷದ ಹಿಂದೆ ಇಳಿದ ವಿಮಾನದ ಚಕ್ರದಲ್ಲಿ ಹೊಗೆ ಎದ್ದು, ಎಂಬತ್ತಾರು ಪ್ರಯಾಣಿಕರೂ ತುರ್ತು ಬಾಗಿಲಿನ ಜಾರುಬಂಡೆಯಲ್ಲಿ ಜಾರಿ ಕೆಳಗೆ ಬಂದಿದ್ದರು. ಯಾರಿಗೂ ಗಾಯವಿಲ್ಲ. ಅವರನ್ನು ಒಂದೆಡೆ ಸೇರಿಸಿ, ತಲೆ ಎಣಿಸಿ, ಎಣಿಕೆ ಸರಿಹೊಂದಿದ ಮೇಲೆ ಮನೆಗೆ ಕಳಿಸುವುದು ಸಹಾಯಕನ ಕೆಲಸ. ಅವನು ಸೇರಿ ಮೂರೇ ವಾರ. ನಾಲ್ಕಕ್ಕೆ ಪಾಳಿ ಮುಗಿಯಬೇಕು, ಐದಕ್ಕೆ ಮಗಳ ಶಾಲೆಯಲ್ಲಿ ನಾಟಕ. ಅವಳದು ಮರದ ಪಾತ್ರ.

"ಅಪ್ಪಾ, ಹೋದ್ಸಲಾನೂ ನೀನು ಬರ್ಲಿಲ್ಲ. ಈ ಸಲ ನೀನು ಬರೋವರೆಗೂ ನಾನು ಕೊಂಬೆ ಎತ್ತಲ್ಲ" ಎಂದು ಬೆಳಿಗ್ಗೆಯೇ ಎಚ್ಚರಿಸಿದ್ದಳು.

ಹಿಂದುಳಿದ ಇಬ್ಬರನ್ನು ಕರೆತರಲು ಅವನು ವಿಮಾನದ ರೆಕ್ಕೆಯ ಕಡೆಗೆ ಓಡಿದ. ಅಗ್ನಿಶಾಮಕದವರ ನೊರೆ ಚಿಮ್ಮುವ ಕೊಳವೆ ಅದೇ ಹೊತ್ತಿಗೆ ಇತ್ತ ತಿರುಗಿತು. ನೊರೆಯೊಳಗಿಂದ ಅವನು ಉಕ್ಕಿದ ಹಾಲಿನ ಪಾತ್ರೆಯಂತೆ ಹೊರಬಂದ. ನಿಲ್ದಾಣದ ನರ್ಸಮ್ಮ ಕಂಬಳಿ ಸುತ್ತಿ, ಆ ಇಬ್ಬರ ಜೊತೆ ಅವನನ್ನೂ ಬಸ್ಸಿಗೆ ತಳ್ಳಿದಳು.

"ನಾನು ಇಲ್ಲಿ ಕೆಲಸದವನು ಕಣಮ್ಮಾ!"

"ಹೌದಣ್ಣಾ, ಗಾಬರೀಲಿ ಹಾಗನ್ಸುತ್ತೆ. ಈಗಷ್ಟೇ ಒಬ್ರು ತಾನೇ ಪೈಲಟ್ ಅಂತಿದ್ರು. ಉಸಿರು ನಿಧಾನ ಬಿಡಿ."

ನಿರೀಕ್ಷಣಾ ಕೊಠಡಿಯಲ್ಲಿ ಹಳದಿ ಜಾಕೆಟ್ ಕಂಡ ಕಾವಲಿನವನು ಸಲಾಮು ಹೊಡೆದು ಮಾಸ್ತರರ ಕೈಗೆ ಪ್ರಯಾಣಿಕರ ಪಟ್ಟಿ ಇಟ್ಟಿದ್ದ. ಮೂವತ್ತು ವರ್ಷದ ಬೆಳಗಿನ ಪ್ರಾರ್ಥನೆಯ ಸಾಲುಗಳೆಲ್ಲ ಅವರೊಳಗೆ ಎದ್ದು ಕೂತಿದ್ದವು.

"ಸಾಲು ಅಂದ್ರೆ ಸಾಲು! ಎತ್ತರದವರು ಹಿಂದೆ! ಯಾರದು ಅಲ್ಲಿ ಗುಸುಗುಸು?"

ಬ್ಯಾಗಿಗಾಗಿ ಕಿರುಚಾಡುತ್ತಿದ್ದವರೆಲ್ಲ ದೀಪದ ಕಂಬಗಳಂತೆ ನಿಂತರು.

"ಸಾರ್, ಅದು ನನ್ನ ಜಾಕೆಟ್!" ಎಂದು ಸಹಾಯಕ ಕೂಗಿದ.

ಕನ್ನಡಕವನ್ನು ಜಾರುಬಂಡೆಯಲ್ಲೇ ಕಳೆದುಕೊಂಡಿದ್ದ ಮಾಸ್ತರರಿಗೆ ಕಂಡದ್ದು ಒಂದು ಬಿಳಿ ಮುದ್ದೆ. "ಏನಿದ್ರೂ ಕೈ ಎತ್ತಿ ಕೇಳಪ್ಪಾ."

ಅವನು ಕೈ ಎತ್ತಿದ.

"ಹಾಂ, ಜಾಣ. ಇಳಿಸು."

ಎಂಬತ್ತೈದು ಜನ ಕಿಸಕ್ಕೆಂದರು. ಕನ್ನಡಕವಿಲ್ಲದೆ ಪಟ್ಟಿ ಓದುವಂತಿಲ್ಲ. ಮಾಸ್ತರರು ಒಂದೊಂದೇ ತಲೆ ಮುಟ್ಟಿ ಎಣಿಸುತ್ತ ಬಂದರು. ತಮ್ಮನ್ನು ಬಿಟ್ಟರು, ಸಹಾಯಕನ ನೊರೆತಲೆಯನ್ನು ಸೇರಿಸಿದರು. "ಎಂಬತ್ತಾರು! ಎಲ್ಲರೂ ಹಾಜರ್!"

ಆಗಲೇ ನಿಲ್ದಾಣದ ಮ್ಯಾನೇಜರ್ ಒಳಬಂದರು. "ಭೇಷ್! ಪ್ರಯಾಣಿಕರೆಲ್ಲ ಹೊರಡಬಹುದು. ಹೊರಗೆ ಕಾರುಗಳಿವೆ, ನೀವು ಹೇಳಿದ ಕಡೆ ಬಿಡ್ತಾರೆ."

ಗಂಟೆ ನಾಲ್ಕೂ ಹತ್ತು. ಡ್ರೈವರೊಬ್ಬ ಸಹಾಯಕನ ಮೊಣಕೈ ಹಿಡಿದು, "ಬನ್ನಿ ಅಣ್ಣಾ, ಎಲ್ಲಿಗೆ?" ಎಂದ.

ಆದರೆ ಸಹಾಯಕನಿಗೆ ಸಿಟ್ಟು ನೆತ್ತಿಗೇರಿತ್ತು. "ಯಾರೂ ಅಲುಗಾಡ್ಬೇಡಿ! ಎಣಿಕೆ ತಪ್ಪು! ಮೂರು ವಾರದಿಂದ ನಿಮ್ಮ ಎದುರು ಮೇಜಲ್ಲಿ ಕೂತವನು ನಾನು ಸಾರ್! ನಾನು ಸಿಬ್ಬಂದಿ! ಪ್ರಯಾಣಿಕರು ಅವರು!" ಎಂದು ಮುಖದ ನೊರೆಯನ್ನು ಎರಡೂ ಕೈಯಿಂದ ಬಳಿದು ಎಸೆದ.

ಮ್ಯಾನೇಜರ್ ಹತ್ತಿರ ಬಂದು ನೋಡಿದರು. "ಅರೇ, ನೀವಾ!"

ಜಾಕೆಟ್ ಬಿಚ್ಚಿಸಿದರು, ಚೀಟಿ ಸಿಕ್ಕಿತು, ಮಾಸ್ತರರು ಎಂಬತ್ತಾರನೆಯವರಾದರು. "ಶಿಸ್ತು ಬಿಡ್ಬೇಡಪ್ಪಾ" ಎಂದು ಸಹಾಯಕನ ಬೆನ್ನು ತಟ್ಟಿ, ಅವನಿಗೆ ಬಂದಿದ್ದ ಕಾರನ್ನೇ ಹತ್ತಿ ಹೊರಟುಹೋದರು.

"ನೀವು ಸಿಬ್ಬಂದಿ ಅಂತ ಖಾತ್ರಿಯಾಯ್ತಲ್ಲ" ಎಂದರು ಮ್ಯಾನೇಜರ್. "ಎಂಬತ್ತಾರು ಜನರಿಗೂ ಒಂದೊಂದು ವರದಿ ಬರೆದಿಟ್ಟೇ ಹೋಗಿ. ಗುರುತಿನ ಚೀಟಿ ಪ್ರಯಾಣಿಕರ ಕೈಗೆ ಹೇಗೆ ಹೋಯ್ತು ಅಂತ ಒಂದು ವಿವರಣೆ ಬೇರೆ. ಜಾಕೆಟ್ ಸಾಕ್ಷಿಗೆ ನನ್ನ ಹತ್ರ ಇರುತ್ತೆ."

ಐದಾಯಿತು. ಎಲ್ಲೋ ಒಂದು ಮರ ಕೊಂಬೆ ಇಳಿಬಿಟ್ಟುಕೊಂಡು ನಿಂತಿರಬೇಕು. ಅವನು ಇನ್ನೂ ನಾಲ್ಕನೆಯ ವರದಿಯಲ್ಲಿದ್ದ. ನರ್ಸಮ್ಮ ಬಂದು ಪಕ್ಕದಲ್ಲಿ ನಿಂತಳು.

"ಸಿಬ್ಬಂದಿಯಂತೆ? ಮೊದಲೇ ಹೇಳೋದಲ್ವಾ ಅಣ್ಣಾ! ಕಂಬಳಿ ಕೊಡಿ, ಅದು ಪ್ರಯಾಣಿಕರಿಗೆ."

ಅವನು ಸೀನಿದ.