ನನ್ನ ಕನ್ನಡಕದಲ್ಲೊಂದು ಗೂಡು

ಪರೀಕ್ಷೆ ಹಾಲಿನಲ್ಲಿ ಹುಡುಗಿಯರೆಲ್ಲ ಒಟ್ಟಿಗೆ ಕ್ವೆಶ್ಚನ್ ಪೇಪರ್ ತಿರುವಿದರೆ ಬರುತ್ತದಲ್ಲ, ಆ ಸರಸರ ಸದ್ದು. ಕಾನ್ವೆಂಟ್ ಬಿಟ್ಟಮೇಲೆ ನಾನದನ್ನು ಮತ್ತೆ ಕೇಳಿದ್ದು ಕೆರೆಬಿಳಚಿಯ ನಮ್ಮ ಮನೆಯಲ್ಲಿ, ರೇಷ್ಮೆ ಹುಳಗಳು ಸೊಪ್ಪು ಮೇಯುವಾಗ. ಒಂದು ಬೆಳಗ್ಗೆ ಆ ಸದ್ದು ನಿಂತುಹೋಗಿತ್ತು. “ಅಕ್ಕಾ, ಹುಳ ಹಣ್ಣಾದ್ವು!” ಎಂದು ಓರಗಿತ್ತಿ ಹಾಲಮ್ಮ ಕೂಗಿದಳು. ಮೇವು ಬಿಟ್ಟು ಗೂಡು ಕಟ್ಟಲು ಹೊರಟ ಹುಳವನ್ನು ಹಣ್ಣಾಯಿತು ಅನ್ನುತ್ತಾರೆ. ನಿಜವಾಗಿ ಹಣ್ಣಾದವಳು ನಾನು. ಇವುಗಳಿಗೆ ಘಾಟು ಆಗದೆಂದು ಪೌಡರ್ ಹಾಕುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ಸೊಳ್ಳೆಬತ್ತಿಯಂತೂ ಕ್ರಿಮಿನಲ್ ಅಫೆನ್ಸ್! ನಮ್ಮ ಮದರ್ ಸುಪೀರಿಯರ್ ಕೂಡ ಇಷ್ಟು ಸ್ಟ್ರಿಕ್ಟ್ ಇರಲಿಲ್ಲ.

ಗೂಡು ಕಟ್ಟಲೆಂದೇ ಬಿದಿರಿನ ಚಂದ್ರಿಕೆಗಳಿವೆ, ಸುರುಳಿ ಸುರುಳಿಯಾಗಿ. ಆದರೆ ಒಂದು ಹುಳಮಹಾರಾಯ ಅಲ್ಲಿಂದಿಳಿದು, ಕಿಟಕಿ ಕಟ್ಟೆಯಲ್ಲಿ ಮಡಿಚಿಟ್ಟಿದ್ದ ನನ್ನ ಕನ್ನಡಕವನ್ನೇ ಆರಿಸಿಕೊಂಡಿತ್ತು. ಅದೂ ಯಾವತ್ತು? ಡಾರ್ಮಿಟರಿಯಲ್ಲಿ ನನ್ನ ಪಕ್ಕದ ಮಂಚದವಳಾಗಿದ್ದ ಸ್ಟೆಲ್ಲಾ, ಭದ್ರಾವತಿ ಬಿಟ್ಟು ಗೋವಾದ ತಂಗಿ ಮನೆಗೆ ಹೊರಟವಳು, ರೈಲು ಹಿಡಿಯಲು ದಾವಣಗೆರೆಗೆ ಹೋಗುವ ದಾರಿಯಲ್ಲಿ ಮುಖ ತೋರಿಸಿ ಹೋಗುತ್ತೇನೆಂದ ದಿನ. ಕನ್ನಡಕವಿಲ್ಲದಿದ್ದರೆ ಮೊಳದಾಚೆಗಿನ ಲೋಕವೆಲ್ಲ ನನಗೆ ಮಂಜು.

“ಮುಟ್ಟಬ್ಯಾಡ್ರಿ ಅಕ್ಕಾ! ಈಗ ಅಲ್ಲಾಡ್ಸಿದ್ರೆ ನೂಲು ಹರಿದೋಗ್ತೈತೆ.”

“ಸ್ಟೆಲ್ಲಾ ಬರ್ತಾಳೆ ಕಣೇ!”

“ಬರ್ಲಿ ಬಿಡ್ರಿ. ಮಾತಾಡಾಕೆ ಕನ್ನಡಕ ಯಾಕೆ?”

ಹೌ ಡೇರ್ ಯು ಎನ್ನುತ್ತಲೇ ಕಿತ್ತುಕೊಳ್ಳಲು ಬಗ್ಗಿದೆ. ಮೂಗಿನ ತುದಿಗೆ ಬಂದಮೇಲೆ ಎಲ್ಲ ಸ್ಪಷ್ಟವಾಯಿತು. ಹುಳ ಕನ್ನಡಕದ ಕಡ್ಡಿಯಿಂದ ಕಡ್ಡಿಗೆ ಎಳೆ ಬಿಗಿದು, ಒಳಗೆ ಕೂತು, ತಲೆಯನ್ನು ಎಂಟರ ಅಂಕಿ ಬರೆದಂತೆ ಆಡಿಸುತ್ತಿತ್ತು. ಬಾಯಿಂದ ಬಂದ ಎಳೆ ಪದರ ಪದರವಾಗಿ ಸುತ್ತಿಕೊಂಡು ತೆಳುವಾದ ಪರದೆಯಾಗುತ್ತಿತ್ತು. ಸೊಳ್ಳೆಪರದೆಯೊಳಗೆ ಕೂತು ಲೈಟ್ಸ್ ಆಫ್ ಆದಮೇಲೂ ತಲೆಯಾಡಿಸಿ ಪಿಸುಗುಡುತ್ತಿದ್ದ ಸ್ಟೆಲ್ಲಾಳೇ! ಕೈ ಹಿಂದೆ ಬಂತು.

ಸ್ಟೆಲ್ಲಾ ಬಂದಳು. ಮಂಡಿನೋವು, ಕಾರಿನಿಂದ ಇಳಿಯಲಿಲ್ಲ. ಕಾರಿನ ಕಿಟಕಿಯೊಳಗೆ ಬೆಳ್ಳಗೆ ದುಂಡಗೆ ಏನೋ ಕಂಡಿತು. “ನೀನು ಒಂಚೂರೂ ಬದಲಾಗಿಲ್ಲ ಕಣೇ,” ಅಂದೆ, ಪೂರ್ಣ ಪ್ರಾಮಾಣಿಕವಾಗಿ.

“ಯೂ ಲೈಯರ್!” ಎಂದು ನಕ್ಕಳು. ಅತ್ತಳೋ ಏನೋ, ಮೂಗು ಸೀಟಿದ್ದು ಮಾತ್ರ ಕೇಳಿಸಿತು. ರೈಲಿಗೆ ಹೊತ್ತಾಯಿತೆಂದು ಡ್ರೈವರ್ ಹಾರ್ನ್ ಒತ್ತಿದ.

ನಾಲ್ಕೈದು ದಿನ ಬಿಟ್ಟು ಗೂಡು ಬಿಡಿಸಿದ ಹಾಲಮ್ಮ ಅದನ್ನು ತಿರುಗಿಸಿ ನೋಡಿ, “ಗಾಜಿಗೆ ಒತ್ತಿ ಒಂದು ಮಗ್ಗಲು ಚಪ್ಪಟೆಯಾಗೈತೆ. ಇದು ಮಾರ್ಕೆಟ್ಟಿಗೆ ನಡಿಯಲ್ಲ, ನೀವೇ ಇಟ್ಕಳ್ರಿ,” ಅಂದಳು. ಇಟ್ಟುಕೊಂಡಿದ್ದೇನೆ. ಗೋವಾದಿಂದ ಸ್ಟೆಲ್ಲಾಳ ಸುದ್ದಿ ಬಂದ ದಿನವೂ ಅದು ಕೈಯಲ್ಲೇ ಇತ್ತು.

ಆವತ್ತು ಬಾಗಿಲಲ್ಲಿ ನಿಂತು, ತಿರುವು ದಾಟುವವರೆಗೂ ಕೈ ಬೀಸಿದ್ದೆ. ಅದೇ ಅವಳನ್ನು ಕೊನೆಯ ಸಲ ನೋಡಿದ್ದು ಅಂತ ಎಲ್ಲರಿಗೂ ಹೇಳುತ್ತೇನೆ. ಹಾಲಮ್ಮ ಎದುರಿಗಿದ್ದರೆ ಮಾತ್ರ ಹೇಳುವುದಿಲ್ಲ. ಯಾಕೆಂದರೆ ಆಗಲೇ ಅವಳು ಪಕ್ಕದಲ್ಲಿ ನಿಂತು ಅಂದಿದ್ದಳು: “ಅಕ್ಕಾ, ಕಾರು ಆಗ್ಲೇ ಹೋತು. ಅದು ಹಾಲಿನ ಆಟೋ.”