ಬಾಯಿ ಬಿಟ್ಟವರ ಪರವಾಗಿ

ಸರ್ಕಾರಿ ಕೆಲಸ ಹೋಗುವುದು ಕೈ ಮಾಡಿದ ತಪ್ಪಿಗೆ ಎಂದು ಜನ ತಿಳಿದಿದ್ದಾರೆ. ನಾನು ಕಂಡಂತೆ ಎಷ್ಟೋ ಜನರದು ಹೋಗುವುದು ಬಾಯಿ ಮಾಡಿದ ತಪ್ಪಿಗೆ. ತಾಲ್ಲೂಕು ಕಚೇರಿಯ ಹೆಡ್ ಕ್ಲರ್ಕ್ ಕೆಲಸದಿಂದ ನಿವೃತ್ತನಾದ ಮೇಲೆ, ಹೀಗೆ ಬಾಯಿ ಬಿಟ್ಟು ಸಿಕ್ಕಿಬಿದ್ದವರ ಪಕ್ಕ ಕೂರುವುದೇ ನನ್ನ ಉದ್ಯೋಗವಾಗಿದೆ. ಇಲಾಖಾ ವಿಚಾರಣೆಯಲ್ಲಿ ಆಪಾದಿತನ ಪರ ಮಾತಾಡಲು ವಕೀಲರೇ ಬೇಕೆಂದಿಲ್ಲ, ನನ್ನಂಥ ನಿವೃತ್ತನಾದರೂ ನಡೆಯುತ್ತದೆ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಒಬ್ಬರಲ್ಲ ಒಬ್ಬರು ಬರುತ್ತಲೇ ಇರುತ್ತಾರೆ. ಎಲ್ಲರೂ ಶುರು ಮಾಡುವುದು ಒಂದೇ ಮಾತಿನಿಂದ: “ನಾನ್ ಹೇಳಿದ್ ಇಷ್ಟೇ, ಮಾರಾಯ್ರೆ.”

೧. ಕರೆಂಟು ಯಾವಾಗ?

ಶಿರೂರು ಕಡೆಯ ಒಬ್ಬ ಲೈನ್‌ಮನ್. ಮಳೆಗಾಲದಲ್ಲಿ ಒಂದು ದಿನ ಬೆಳಿಗ್ಗೆಯಿಂದ ಕರೆಂಟಿಲ್ಲ. ಊರಿನ ವಾಟ್ಸಾಪ್ ಗುಂಪಿನಲ್ಲಿ ಯಾರೋ “ಕರೆಂಟ್ ಯಾವಾಗ ಬತ್ತ್?” ಎಂದು ಕೇಳಿದರು. ಆಗಷ್ಟೇ ಕಂಬದಿಂದ ಇಳಿದು ಒದ್ದೆಯಾಗಿ ನಿಂತಿದ್ದ ಇವನು, “ನಂಗೂ ಗೊತ್ತಿಲ್ಲೆ, ಮೇಲಿನವ್ರಿಗಂತೂ ಗೊತ್ತೇ ಇಲ್ಲೆ” ಎಂದು ಬರೆದ. ಅದು ಗುಂಪಿನಿಂದ ಗುಂಪಿಗೆ ಹಾರಿ ಕೊನೆಗೆ ಮೇಲಿನವರ ಮೊಬೈಲಿಗೇ ಹೋಗಿ ಬಿತ್ತು. ಇಲಾಖೆಯ ಘನತೆಗೆ ಧಕ್ಕೆ ತಂದನೆಂದು ವಜಾ ಮಾಡಿದರು.

ಮೇಲ್ಮನವಿಯ ವಿಚಾರಣೆ ಕುಂದಾಪುರದಲ್ಲಿ. ಸಂವಿಧಾನ, ಅಭಿವ್ಯಕ್ತಿ ಸ್ವಾತಂತ್ರ್ಯ ಎಂದು ನಾನು ಎರಡು ಪುಟ ಬರೆದುಕೊಂಡು ಹೋಗಿದ್ದೆ. ಮೊದಲ ಪುಟದ ನಡುವಿನಲ್ಲಿ ಫ್ಯಾನ್ ನಿಂತಿತು. ವಿಚಾರಣಾಧಿಕಾರಿ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. ಎಲ್ಲೆಲ್ಲಿಗೋ ಫೋನ್ ಮಾಡಿದರು. ಯಾರಿಗೂ ಗೊತ್ತಿಲ್ಲ. ಕೊನೆಗೆ ಅಭ್ಯಾಸಬಲದಿಂದ ಆಪಾದಿತನ ಕಡೆಗೇ ತಿರುಗಿ, “ಯಾವಾಗ ಬರುತ್ತಪ್ಪಾ ಇದು?” ಎಂದು ಕೇಳಿಬಿಟ್ಟರು.

ಲೈನ್‌ಮನ್ ನನ್ನ ಮುಖ ನೋಡಿದ, ಅವರ ಮುಖ ನೋಡಿದ. ಮೆಲ್ಲಗೆ ಅನುಮತಿ ಕೇಳಿದ: “ಹೇಳ್ಲಕ್ಕಾ, ಸರ್?”

ಎರಡನೇ ಪುಟ ಓದುವ ಅಗತ್ಯ ಬೀಳಲಿಲ್ಲ. ಸ್ವಲ್ಪ ದಿನದಲ್ಲೇ ಅವನು ಮತ್ತೆ ಕಂಬದ ಮೇಲಿದ್ದ.

೨. ಯಮದೂತನ ಹೇಳಿಕೆ

ಕುಂದಾಪುರದ ಕಚೇರಿಯೊಂದರ ಅಟೆಂಡರ್ ಹವ್ಯಾಸಿ ಯಕ್ಷಗಾನದಲ್ಲಿ ಹಾಸ್ಯದ ವೇಷ ಹಾಕುತ್ತಿದ್ದ. ಆ ಮಾತುಗಳನ್ನು ಯಾರೂ ಬರೆದುಕೊಡುವುದಿಲ್ಲ, ನಿಂತಲ್ಲೇ ಹುಟ್ಟಬೇಕು. ಒಂದು ಆಟದಲ್ಲಿ ಯಮದೂತನಾಗಿ ಬಂದವನು, ಹಾಸಿಗೆ ಹಿಡಿದ ಮುದುಕನನ್ನು ತೋರಿಸಿ, “ಇವ್ನ ಕೊಂಡ್ಹೋಪುಕೆ ಬಂದದ್ದ್. ಆರೆ ಇವ್ನ ಕಾಗ್ದಕ್ಕೆ ಸಹಿ ಆಯ್ಲಿಲ್ಲೆ, ಸಾಹೇಬ್ರ್ ಮೀಟಿಂಗಿಗೆ ಹೋಯಿರ್ ಅಂಬ್ರ್. ಅವ್ರ್ ಬಪ್ಪುವರೆಗೆ ಇವ ಬದ್ಕಿರ್ಲಿ” ಎಂದ.

ಅವನ ಕಚೇರಿಯ ಸಾಹೇಬರು ಮುಖ್ಯ ಅತಿಥಿಯಾಗಿ ಮೊದಲ ಸಾಲಿನಲ್ಲಿ ಕೂತಿದ್ದರು. ಜನ ನಕ್ಕಿದ್ದು ಆಟಕ್ಕೋ ತಮಗೋ ಎಂದು ಅವರಿಗೆ ಅನುಮಾನ ಬಂತು. ಅಟೆಂಡರ್ ಅಮಾನತಾಗಿ ಮನೆಗೆ ಹೋದ. ವಿಚಾರಣೆ ಶುರುವಾಯಿತು.

“ಈ ಮಾತು ನೀನು ಆಡಿದ್ದು ಹೌದೋ ಅಲ್ಲವೋ?” ಎಂದರು ವಿಚಾರಣಾಧಿಕಾರಿ.

“ನಾನಲ್ಲ ಸರ್, ಯಮದೂತ.”

“ಯಮದೂತ ಅಂದರೆ ನೀನೇ ಅಲ್ಲವೇನಯ್ಯಾ?”

“ಅಲ್ಲ ಸರ್. ಅವ ಯಮನ ನೌಕರ. ಅವ್ನ ಮೇಲೆ ಕ್ರಮ ತಕಂಬುದಾರೆ ಯಮನಿಗೇ ಬರೀಕ್.”

ಮೂಲೆಯಲ್ಲಿ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ ಗುಮಾಸ್ತ ತಲೆಯೆತ್ತಿ ಕೇಳಿದ: “ಸರ್, ವಿಳಾಸ ಎಂತ ಹಾಕೂದ್?”

೩. ಸೋರುವ ಮಾಡು

ಬ್ರಹ್ಮಾವರದಾಚೆಯ ಆರೋಗ್ಯ ಕೇಂದ್ರವೊಂದರ ನರ್ಸ್ ನಗಿಸಲೆಂದು ಮಾತಾಡಿದವಳಲ್ಲ. ಗ್ರಾಮಸಭೆಯಲ್ಲಿ ಎದ್ದು, “ನಮ್ಮಲ್ಲಿ ಹಂಚಿನ ಮಾಡು ಸೋರತ್ತ್. ಮಕ್ಕಳಿಗೆ ಇಂಜೆಕ್ಷನ್ ಕೊಡುವಾಗ ಅವ್ರ ಅಮ್ಮ ಕೊಡೆ ಹಿಡ್ಕಣ್ಕ್” ಎಂದಳು, ಕೂತಳು. ಅಷ್ಟೇ.

ಅನುಮತಿಯಿಲ್ಲದೆ ಬಹಿರಂಗವಾಗಿ ಮಾತಾಡಿದ್ದು ಒಂದು ತಪ್ಪು, ಸುಳ್ಳು ಹೇಳಿದ್ದು ಇನ್ನೊಂದು ಎಂದು ನೋಟಿಸು ಬಂತು. ಸುಳ್ಳೋ ನಿಜವೋ ಎಂದು ನೋಡಲು ತಂಡವೊಂದು ಬಂದದ್ದು ಏಪ್ರಿಲ್‌ನಲ್ಲಿ. ಬಿರು ಬಿಸಿಲಿನಲ್ಲಿ ಒಂದು ಗಂಟೆ ಮಾಡು ನೋಡುತ್ತಾ ನಿಂತು, “ಒಂದು ಹನಿಯೂ ಬೀಳಲಿಲ್ಲ” ಎಂದು ವರದಿ ಬರೆದರು. ಆಕೆಯನ್ನು ವಜಾ ಮಾಡಿದರು.

ನನ್ನ ಬಳಿ ಬಂದವಳು ಅಳಲಿಲ್ಲ. “ಕೆಲ್ಸ ಹೋದ್ದಕ್ಕೆ ಬೇಜಾರಿಲ್ಲೆ ಅಂದ್ರೆ ಅದೇ ಸುಳ್ಳಾತ್ತ್. ಆರೆ ನಾನ್ ಸುಳ್ಳಿ ಅಂದೇಳಿ ಬರ್ದಿದ್ರಲೆ, ಅದನ್ನ್ ಕಡತದಿಂದ ಅಳ್ಸ್ಕ್” ಎಂದಳು.

ಪ್ರಕರಣ ನ್ಯಾಯಮಂಡಳಿಗೆ ಹೋಯಿತು, ಎರಡು ಮಳೆಗಾಲ ಕಳೆಯಿತು. ಆಕೆ ಸಂತೆಯಲ್ಲಿ ತಾಯಿಯ ಪಕ್ಕ ಕೂತು ಮೀನು ಮಾರಿದಳು. ತಾಜಾ ಇದೆಯಾ ಎಂದು ಕೇಳಿದವರಿಗೆ ಇದ್ದದ್ದನ್ನು ಇದ್ದಂತೆ ಹೇಳುತ್ತಿದ್ದಳು. ವ್ಯಾಪಾರ ಅಷ್ಟಕ್ಕಷ್ಟೇ. ಆದರೆ ಒಂದು ಗ್ರಾಮಸಭೆಯನ್ನೂ ತಪ್ಪಿಸಲಿಲ್ಲ. ಮೊದಲ ಸಲ ಎದ್ದು ನಿಂತಾಗ ಪಂಚಾಯತಿಯವರು ಗಾಬರಿಯಾಗಿ, “ನಿಮಗೆ ಮಾತಾಡಲು ಅನುಮತಿ ಉಂಟಾ?” ಎಂದರು.

“ಕೆಲ್ಸದಿಂದ ತೆಗ್ದಿರಲೆ. ಇನ್ನೆಂತ ಅನುಮತಿ?”

ಮಾಡಿನಿಂದ ಶುರುವಾದದ್ದು ಕುಡಿಯುವ ನೀರು, ಬಾಗಿಲಿಲ್ಲದ ಶೌಚಾಲಯ, ಮುರಿದ ಮಂಚದವರೆಗೆ ಬೆಳೆಯಿತು. ನೌಕರಿಯಲ್ಲಿದ್ದಾಗ ಎರಡು ಮಾತು ಆಡಿದ್ದವಳು ಈಗ ಅರ್ಧ ಗಂಟೆ ಆಡುತ್ತಿದ್ದಳು. ಕೇಳಲಾರದೆ ಕೊನೆಗೆ ಮಾಡು ರಿಪೇರಿ ಮಾಡಿಸಿದರು.

ಅದಾಗಿ ಸ್ವಲ್ಪ ದಿನಕ್ಕೆ ಆದೇಶ ಬಂತು: ವಜಾ ಸರಿಯಲ್ಲ, ಕೆಲಸಕ್ಕೆ ವಾಪಸು ತೆಗೆದುಕೊಳ್ಳಬೇಕು, ‘ಸುಳ್ಳು’ ಎಂಬ ಮಾತನ್ನು ಕಡತದಿಂದ ತೆಗೆಯಬೇಕು. ನಾನು ಅದನ್ನು ಸಂತೆಗೇ ಒಯ್ದು ಕೊಟ್ಟೆ. ಕೈ ತೊಳೆದುಕೊಂಡು ಬಂದು ಓದಿದಳು. ಆ ಕೊನೆಯ ಸಾಲನ್ನು ಮಾತ್ರ ತಾಯಿಗೆ ಎರಡು ಸಲ ಓದಿ ಹೇಳಿದಳು. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಮೀನು ಕೊಯ್ಯಲು ಕೂತರು.

ಆಕೆ ಕೆಲಸಕ್ಕೆ ಹಾಜರಾದ ದಿನ ನಾನೂ ಜೊತೆಗೆ ಹೋಗಿದ್ದೆ. ಆಕೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಹೊರಗೆ ಬಂದಾಗ, ಉಡುಪಿಯಿಂದ ಬಸ್ಸಿನಲ್ಲಿ ಬಂದಿಳಿದ ಪತ್ರಕರ್ತನೊಬ್ಬ ಅಂಗಳದಲ್ಲಿ ಕಾಯುತ್ತಿದ್ದ. ಮೊಬೈಲನ್ನು ಆಕೆಯ ಮುಖದ ಹತ್ತಿರ ಹಿಡಿದು, “ಮೇಡಂ, ಸರ್ಕಾರಿ ನೌಕರರ ಮಾತಾಡುವ ಹಕ್ಕಿಗೆ ಇವತ್ತು ಜಯ ಸಿಕ್ಕಿದೆ. ಈ ಬಗ್ಗೆ ನೀವು ನಾಲ್ಕು ಮಾತು ಹೇಳಬೇಕು” ಎಂದ.

ಆಕೆ ಹಿಂತಿರುಗಿ ಮೇಜಿನ ಮೇಲಿದ್ದ ಹಾಜರಿ ಪುಸ್ತಕವನ್ನೊಮ್ಮೆ ನೋಡಿದಳು.

“ನಿನ್ನೆ ಬಪ್ಪುಕೆ ಎಂತಾಯ್ತ್ ನಿಮ್ಗೆ? ಬೇಕಾದಷ್ಟ್ ಹೇಳ್ತಿದ್ದೆ. ಇವತ್ತಿಂದ ನಾನ್ ಮತ್ತೆ ಸರ್ಕಾರಿ ನೌಕರಳಲ್ದಾ?”